ಹೆಂಗಸರು ಮೆಚ್ಚಿದ ನಿಟ್ಟುಸಿರು

ಸ್ಕ್ರ್ಯಾಂಟನ್ ಊರಿನ ಕಲ್ಲಿದ್ದಲ ಗಣಿಗೆ ಇಳಿಯುತ್ತಿದ್ದ ಎಮ್ರಿಸ್ ಪ್ರೋಬರ್ಟ್, ಒಂದು ಕಾಲಕ್ಕೆ ವೆಲ್ಷ್ ಜನರ ಪ್ರಾರ್ಥನಾ ಮಂದಿರದಲ್ಲಿ ಕಿಟಕಿಯ ಗಾಜು ನಡುಗುವಂತೆ ಹಾಡುತ್ತಿದ್ದವನು. ಇದ್ದಲ ಧೂಳು ಎದೆಯಲ್ಲಿ ಮನೆ ಮಾಡಿದ ಮೇಲೆ ಕೆಲಸವೂ ಹೋಯಿತು, ಕಂಠವೂ ಹೋಯಿತು. ಉಳಿದ ಪಿಸುದನಿಯನ್ನು ಊರಿನ ರೇಡಿಯೋದವರು ಕರೆದು ಕೂರಿಸಿದರು. ಆಗ ಅಮೆರಿಕದ ತುಂಬ ಕ್ರೂನಿಂಗಿನ ಹುಚ್ಚು. ಮೈಕಿಗೆ ತುಟಿ ತಾಗುವಷ್ಟು ಬಾಗಿ, ಕೇಳುವವರ ಕಿವಿಯಲ್ಲಿ ಗುಟ್ಟು ಹೇಳಿದ ಹಾಗೆ ಹಾಡಿದರೆ ಸಾಕು, ಹೆಂಗಸರು ಕರಗಿ ನೀರಾಗುತ್ತಿದ್ದರು.

"ಗಂಡಸಾದೋನು ಎದೆ ತುಂಬಿ ಹಾಡ್ಬೇಕು. ಇದೇನಿದು, ಮಗೂನ ಮಲಗಿಸೋ ಹಾಗೆ!" ಎಂದು ಅವನ ಅಪ್ಪ ರೇಡಿಯೋಗೆ ಬೆನ್ನು ಹಾಕಿ ಕೂರುತ್ತಿದ್ದ.

ಶುಕ್ರವಾರ ಸಂಜೆ ಪಕ್ಕದ ಮನೆಯ ಕ್ಯಾತ್ರಿನ್ ರೇಡಿಯೋದಲ್ಲಿ ಹಾಡು ಕೇಳಲು ಬಂದಿದ್ದಳು. ಎಮ್ರಿಸ್‌ನ ಹೆಂಡತಿ ನೆಸ್ತಾ ಇಸ್ತ್ರಿ ಮಾಡುತ್ತಿದ್ದರೂ ಅವಳ ಕಿವಿಯೆಲ್ಲ ಗಂಡನ ಉಸಿರಿನ ಮೇಲೆ. ಪ್ರತಿ ಸಾಲಿನ ಕೊನೆಗೂ ಸಣ್ಣಗೆ ಸಿಳ್ಳೆಯಂತೆ ಏಳುವ ಆ ಸದ್ದು ಅವಳೊಬ್ಬಳಿಗೇ ಗೊತ್ತು.

ಹಾಡಿನ ನಡುವೆ ದನಿ ನಿಂತೇ ಹೋಯಿತು.

ಪಿಯಾನೋ ನುಡಿಸುವವನು ಅದೇ ಸಾಲನ್ನು ಮತ್ತೆ ಮತ್ತೆ ಸುತ್ತಿಸಿದ. ಬಟ್ಟೆ ಸುಟ್ಟ ವಾಸನೆ ಬಂದರೂ ನೆಸ್ತಾಳ ಕೈ ಮೇಲೇಳಲಿಲ್ಲ. ಕೊನೆಗೊಂದು ನಿಟ್ಟುಸಿರು, ಅದರ ಹಿಂದೆಯೇ ಹಾಡು.

ಕ್ಯಾತ್ರಿನ್ ಕಣ್ಣೊರೆಸಿಕೊಂಡಳು. "ಅಬ್ಬಾ, ಹೇಗೆ ನಿಲ್ಲಿಸಿದ ನೋಡೇ! ಮಾತು ಬಾರದಷ್ಟು ಪ್ರೀತಿ ಇದ್ದ ಹಾಗೆ. ಪುಣ್ಯ ಮಾಡಿದ್ದೀಯ ಕಣೇ."

ನೆಸ್ತಾ ಸುಟ್ಟ ಬಟ್ಟೆಯನ್ನು ಮಡಚಿಟ್ಟಳು.

ಮನೆಗೆ ಬಂದ ಎಮ್ರಿಸ್ ನಗುತ್ತಿದ್ದ. "ನಡುವೆ ನಿಂತಿದ್ದು ರೇಡಿಯೋದವರಿಗೆ ಇಷ್ಟ ಆಯ್ತಂತೆ ನೆಸ್ತಾ. ಮುಂದಿನ ವಾರಾನೂ ಅಲ್ಲೇ ನಿಲ್ಲಿಸು ಅಂದ್ರು." ನಗು ಕೆಮ್ಮಾಯಿತು. ಅವನು ಕರವಸ್ತ್ರವನ್ನು ಅವಳಿಗೆ ಕಾಣದಂತೆ ಮಡಚಿಕೊಂಡ.

"ಹೋಗ್ಬೇಡ ಕಣೋ."

"ಇನ್ನೆಲ್ಲಿಗೆ ಹೋಗ್ಲಿ? ನನ್ನಲ್ಲಿರೋ ಇಷ್ಟು ಉಸಿರು ಸಾಕು ಅನ್ನೋ ಜಾಗ ಅದೊಂದೇ."

ಮುಂದಿನ ಶುಕ್ರವಾರ ಅವಳೂ ರೇಡಿಯೋ ಕೇಂದ್ರಕ್ಕೆ ಜೊತೆಗೆ ಹೋದಳು. ಆ ಸಾಲು ಹತ್ತಿರವಾದಂತೆ ಪಿಯಾನೋದವನು ಗೆಲುವಾಗಿ ತಲೆಯಾಡಿಸಿದ. ನೆಸ್ತಾ ಕುರ್ಚಿಯ ತುದಿಗೆ ಸರಿದಳು. ಎಮ್ರಿಸ್ ಮಾತ್ರ ನಿಲ್ಲಿಸಲೇ ಇಲ್ಲ. ಯಾರೋ ಅಟ್ಟಿಸಿಕೊಂಡು ಬರುತ್ತಿರುವಂತೆ ಕೊನೆಯ ಸಾಲಿನವರೆಗೂ ಹಾಡಿಬಿಟ್ಟ. ಗಾಜಿನಾಚೆ ರೇಡಿಯೋದ ಮ್ಯಾನೇಜರ್ ಸಿಟ್ಟಿನಿಂದ ಕೈ ಝಾಡಿಸುತ್ತಿದ್ದ.

ಮೆಟ್ಟಿಲ ಮೇಲೆ ಅವಳು ಕೇಳಿದಳು: "ಯಾಕೆ ನಿಲ್ಲಿಸ್ಲಿಲ್ಲ?"

ಅವನು ಪಕ್ಕದ ಕಂಬಿ ಹಿಡಿದು ಸುಧಾರಿಸಿಕೊಂಡ. ಹಿಂದೊಮ್ಮೆ ಗಣಿ ಕುಸಿದು ಬದುಕಿ ಬಂದ ದಿನವೂ ಹೇಳದಿದ್ದ ಮಾತು ಈಗ ಬಂತು.

"ಹೆದರಿಕೆ ಆಯ್ತು ನೆಸ್ತಾ. ಬೇಕಂತ ನಿಲ್ಲಿಸಿದ್ರೆ, ಮತ್ತೆ ಶುರುವಾಗತ್ತೋ ಇಲ್ಲವೋ ಅಂತ."

ಅವಳು ಅವನ ತೋಳಿಗೆ ತೋಳು ಸೇರಿಸಿದಳು. ಟ್ರಾಮ್ ಬಂದು ನಿಂತಿತ್ತು. ಅದು ಹೋದರೆ ಹೋಗಲಿ ಎಂದು ಇಬ್ಬರೂ ನಿಧಾನವಾಗಿ ಇಳಿದರು.