ಎಂಟು ಗಜದ ಕೆಂಪು ಗೀಟು

ಆಗ ಮದ್ದೂರಿನ ಅರ್ಧ ಜನ ರೇಷನ್ ಕಾರ್ಡನ್ನು ಡಿಪೋದಲ್ಲೇ ಬಿಟ್ಟು ಬರುತ್ತಿದ್ದರು. ಮನೆಯಲ್ಲಿಟ್ಟರೆ ಇಲಿ ಕಡಿಯುತ್ತದೆ, ಕಳೆದುಹೋದರೆ ಅಮಲ್ದಾರರ ಕಚೇರಿಗೆ ಅಲೆಯಬೇಕು. ಡಿಪೋ ಕರಿಯಪ್ಪನ ಪೆಟ್ಟಿಗೆಯಲ್ಲಿದ್ದರೆ ಭದ್ರ ಅಂತೆ! ಕಳ್ಳನ ಕೈಗೆ ಬೀಗದ ಕೈ ಕೊಟ್ಟು ನೆಮ್ಮದಿಯಾಗಿ ಮಲಗುವ ಜನ ಅಂದರೆ ಇವರೇ.

ರಹಮತ್ ಬೀಯೂ ಹಾಗೇ ಬಿಟ್ಟಿದ್ದಳು. ಯುದ್ಧ ಮುಗಿದರೂ ಬಟ್ಟೆಯ ರೇಷನ್ ಮುಗಿದಿರಲಿಲ್ಲ. ಶುಕ್ರವಾರ ಮಗಳು ಶಮೀಮಳ ನಿಕಾಹ್. ಗಂಡ ಪಾತ್ರೆಗೆ ಕಲಾಯಿ ಹಾಕುತ್ತ ಹದಿನೈದು ದಿನದಿಂದ ಮಳವಳ್ಳಿ ಕಡೆ ಸುತ್ತುತ್ತಿದ್ದ. ಮದುವಣಗಿತ್ತಿಗೆ ಹೊಸ ಬಟ್ಟೆ ಅಂತ ಸಿಗುವುದಿದ್ದರೆ ಅದು ಕಾರ್ಡಿನ ಎಂಟು ಗಜವೇ. ಬುಧವಾರ ಬೆಳಿಗ್ಗೆ ಹೋಗಿ ಕೇಳಿದರೆ ಕರಿಯಪ್ಪ ಕಾರ್ಡು ತೆಗೆದು ತೋರಿಸಿದ. ಬಟ್ಟೆಯ ಲೆಕ್ಕದ ಮೇಲೆ ಆಗಲೇ ಕೆಂಪು ಗೀಟು ಬಿದ್ದಿತ್ತು. ಹೋದ ವಾರ ನಿಮ್ಮ ಸಾಬರೇ ಒಯ್ದರಲ್ಲ ಅಂದ.

ಸಾಬರು ಊರಲ್ಲೇ ಇರಲಿಲ್ಲವಲ್ಲ ಅಂದಳು. ಹಾಗಾದರೆ ದೂರು ಕೊಡಿ, ಕಾರ್ಡು ತನಿಖೆಗೆ ಹೋಗುತ್ತದೆ, ಎರಡು ತಿಂಗಳು ಅಕ್ಕಿಯೂ ಇಲ್ಲ ಸೀಮೆಎಣ್ಣೆಯೂ ಇಲ್ಲ ಅಂದ. ರಹಮತ್ ಬೀ ಬಾಯಿ ಮುಚ್ಚಿಕೊಂಡು ಮನೆಗೆ ಬಂದಳು.

ಪಕ್ಕದ ಮನೆಯ ಪುಟ್ಟಮಾದಮ್ಮ ಬಾಯಿ ಮುಚ್ಚಿಕೊಳ್ಳುವ ಹೆಂಗಸಲ್ಲ. ಸಂಗತಿ ಕೇಳಿದ್ದೇ ಸೆರಗು ಸಿಕ್ಕಿಸಿ, ಅವಳ ಕೈ ಹಿಡಿದು ಡಿಪೋಗೆ ಎಳೆದುಕೊಂಡು ಬಂದಳು. ಸಾಲಿನಲ್ಲಿದ್ದ ಮೂವತ್ತು ಜನರ ಎದುರು ಕರಿಯಪ್ಪನ ಮಾನ ಹರಾಜು ಹಾಕಿದಳು. ಇವಳ ಮಾತಿನಿಂದ ಇರುವ ಅಕ್ಕಿಯೂ ಹೋದರೆ ಏನು ಗತಿ ಎಂದು ರಹಮತ್ ಬೀ ಅವಳ ತೋಳು ಜಗ್ಗುತ್ತಿದ್ದಳು.

"ಆ ಮಗೀನ ಮದ್ವೆ ಬಟ್ಟೆ ಕಣಯ್ಯ ಅದು. ಕೊಡೋಗಂಟ ನಾ ಇಲ್ಲಿಂದ ಏಳಾಕಿಲ್ಲ," ಎಂದು ಪುಟ್ಟಮಾದಮ್ಮ ಮೆಟ್ಟಿಲ ಮೇಲೆ ಕೂತೇಬಿಟ್ಟಳು.

ಕರಿಯಪ್ಪ ಬೆವರಿದ. ರಹಮತ್ ಬೀಯೊಬ್ಬಳನ್ನೇ ಒಳಕೋಣೆಗೆ ಕರೆದು, ಎಲ್ಲೋ ತಪ್ಪಾಗಿದೆ, ದುಡ್ಡು ಆಮೇಲೆ ಕೊಡುವಿರಂತೆ ಎನ್ನುತ್ತ ಗುಲಾಬಿ ಬಣ್ಣದ, ಹೂವಿನ ಅಚ್ಚಿನ ಚೀಟಿಬಟ್ಟೆ ಎಂಟು ಗಜ ಅಳೆದು ಹರಿದ. ರಹಮತ್ ಬೀ ಅದನ್ನು ಎದೆಗೆ ಒತ್ತಿಕೊಂಡಳು. ಅಷ್ಟರಲ್ಲಿ ಅವನು ಪೆಟ್ಟಿಗೆಯಿಂದ ಇನ್ನೊಂದು ಕಾರ್ಡು ತೆಗೆದು ಅದಕ್ಕೆ ಕೆಂಪು ಗೀಟು ಎಳೆದ. ಲೆಕ್ಕ ಸರಿಹೋಗಬೇಕಲ್ಲ! ಆ ಕಾರ್ಡಿನ ಹರಿದ ಅಂಚಿಗೆ ಹಿಂದೊಮ್ಮೆ ಗಂಜಿ ಸವರಿ ಕಾಗದ ಅಂಟಿಸಿಕೊಟ್ಟವಳು ರಹಮತ್ ಬೀಯೇ. ಅದು ಪುಟ್ಟಮಾದಮ್ಮನ ಕಾರ್ಡು.

ಅವಳು ನೋಡಿದ್ದನ್ನು ಕರಿಯಪ್ಪನೂ ನೋಡಿದ. "ಸುಮ್ಕೆ ಓಗಿ ಬೀಬಮ್ಮ. ಅವ್ಳಿಗೆ ಬಾಯೊಂದಿದ್ರೆ ಸಾಕು."

ಬಾಗಿಲಿಗೆ ಹತ್ತೇ ಹೆಜ್ಜೆ. ಪುಟ್ಟಮಾದಮ್ಮನಿಗೆ ಓದು ಬಾರದು. ಅವಳು ತನ್ನ ಪಾಲಿನ ಬಟ್ಟೆ ಕೇಳುವ ಹೊತ್ತಿಗೆ ಶಮೀಮ್ ಗಂಡನ ಮನೆ ಸೇರಿರುತ್ತಾಳೆ. ಹೇಳಿದರೆ ಬಟ್ಟೆಯೂ ಹೋಯಿತು, ಅಕ್ಕಿಯೂ ಹೋಯಿತು. ಯಾ ಅಲ್ಲಾ, ಎಂಥ ಸಂಕಟಕ್ಕೆ ತಂದಿಟ್ಟೆ ಎಂದುಕೊಳ್ಳುತ್ತಲೇ ಹೊರಗೆ ಬಂದಳು.

ಪುಟ್ಟಮಾದಮ್ಮ ಎದ್ದು ಬಟ್ಟೆಯನ್ನು ಮುಟ್ಟಿ ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು. "ಸಿಕ್ತಲ್ಲ ಬುಡವ್ವ. ನಡಿ, ಇವತ್ತೇ ಒಲಿಯಾಕೆ ಕೂರವ."

ರಹಮತ್ ಬೀ ಬಟ್ಟೆಯನ್ನು ಅವಳ ಕೈಗಿಟ್ಟಳು. ಸಾಲಿನವರಿಗೆಲ್ಲ ಕೇಳುವಂತೆ ಹೇಳಿದಳು: "ಇದು ನಿನ್ ಕಾರ್ಡಿನ ಬಟ್ಟೆ ಕಣಕ್ಕ. ಒಳಕ್ಕೋಗಿ ಕಾರ್ಡು ಈಸ್ಕೊಂಡು ನೋಡು."

ಸಾಲು ಮುರಿದು, ಎಲ್ಲರೂ ತಮ್ಮ ತಮ್ಮ ಕಾರ್ಡು ಕೊಡೆಂದು ಒಳಗೆ ನುಗ್ಗಿದರು. ರಹಮತ್ ಬೀ ಮೆಟ್ಟಿಲ ಮೇಲೆ ಬರಿಗೈಯಲ್ಲಿ ಕೂತಳು. ಶುಕ್ರವಾರಕ್ಕೆ ಎರಡೇ ದಿನವಿತ್ತು.