ಹಿಮದ ಅಜ್ಜಿ

ಧೂಪದ ಪುಡಿಯನ್ನು ಚಿಟಿಕೆಯಲ್ಲಿ ಹಿಡಿದು ಹಣೆಗೆ ಮುಟ್ಟಿಸಿದ ತೋಕುಜಿ, ಅದನ್ನು ಕೆಂಡಕ್ಕೆ ಉದುರಿಸದೆ ಹಾಗೇ ನಿಂತುಬಿಟ್ಟ. ಹಿಂದೆ ಸಾಲಿನಲ್ಲಿದ್ದವರು ಕೆಮ್ಮಿದರು. ಅವನ ಕಣ್ಣು ತೀರಿಕೊಂಡ ಅಕ್ಕ ಕಿನುವಿನ ಪಟದ ಮೇಲಿತ್ತು. ಅಕ್ಕನ ಮುಖದ ಮೇಲಲ್ಲ, ಅವಳ ಹೆಗಲ ಹಿಂದೆ ಕಾಣುತ್ತಿದ್ದ ಬೆಟ್ಟದ ಮೇಲೆ.

“ಭಾವ, ನಮ್ಮಕ್ಕನ್ನ ನಾಯಿ ಮುಂದೆ ಕೂರಿಸಿದೀರಲ್ಲ,” ಎಂದ.

ಮಂತ್ರ ಹೇಳುತ್ತಿದ್ದ ಗುರುಗಳೂ ಒಂದು ಕ್ಷಣ ತಡವರಿಸಿದರು. ಹೊರಿಸಾವ ಊರಿನವರ ತಲೆಗಳೆಲ್ಲ ಮೇಲೆದ್ದವು. ಅದು ನಾಯಿಯಲ್ಲ, ಕುದುರೆ. ಏಪ್ರಿಲ್ ಕೊನೆಗೆ ಓಗುರೆ ಬೆಟ್ಟದ ಹಿಮ ಕರಗುತ್ತ ಬಂದಾಗ, ಉಳಿದ ಬಿಳುಪು ನಮ್ಮ ಕಡೆಯಿಂದ ಓಡುವ ಕುದುರೆಯ ಹಾಗೆ ಕಾಣುತ್ತದೆ. ಕುದುರೆ ಕಂಡ ಮೇಲೆಯೇ ಗದ್ದೆಗೆ ನೀರು. ನಮ್ಮ ಹೆಂಡದ ಬಾಟಲಿಯ ಮೇಲೆ ಕುದುರೆ, ಶಾಲೆಯ ಬಾವುಟದಲ್ಲಿ ಕುದುರೆ, ಚರಂಡಿ ಮುಚ್ಚಳದ ಮೇಲೂ ಕುದುರೆ. ಬೆಟ್ಟದ ಆಚೆ ಬದಿಯ ತಾಕಿನೊದವರಿಗೆ ಮಾತ್ರ ಬೀಜದ ಚೀಲ ಹೊತ್ತ ಅಜ್ಜಿ ಕಾಣುತ್ತಾಳಂತೆ. ಬೆಟ್ಟದ ಮುಖ ಇರುವುದು ತಮ್ಮ ಕಡೆಗೆ, ಆಚೆಯವರು ನೋಡುವುದು ಅದರ ಬೆನ್ನು ಎಂದು ಎರಡೂ ಊರಿನವರು ತಲೆತಲಾಂತರದಿಂದ ಹಟ ಹಿಡಿದಿದ್ದಾರೆ.

ಕಿನು ಹುಟ್ಟಿದ್ದು ತಾಕಿನೊದಲ್ಲಿ. ಬಾಳಿದ್ದು ಹೊರಿಸಾವದಲ್ಲಿ.

ಚಿಕ್ಕಪ್ಪ-ಸೋದರಮಾವಂದಿರ ನಡುವೆ ಕೂತಿದ್ದ ಕಿನುವಿನ ಮಗಳು ಫುಮಿ, ಪಟದಲ್ಲಿ ಬೆಟ್ಟ ಬಂದದ್ದು ಹೇಗೆಂದು ತಲೆ ತಗ್ಗಿಸಿ ಹೇಳಿದಳು. ಅಮ್ಮ ನಗುತ್ತಿದ್ದ ಫೋಟೊ ಒಂದೇ ಒಂದಿತ್ತು, ಅದರ ಹಿಂದೆ ಬಟ್ಟೆ ಒಗೆಯುವ ಮೆಷಿನ್ನು. ಅಂತ್ಯಕ್ರಿಯೆ ನಡೆಸಿಕೊಡುವ ಅಂಗಡಿಯವರು ಮೆಷಿನ್ನನ್ನು ಅಳಿಸಿ, ಊರಿನ ಕ್ಯಾಲೆಂಡರಿನಲ್ಲಿದ್ದ ಬೆಟ್ಟವನ್ನು ಕೂರಿಸಿದ್ದರು. ಪಾಪ, ಒಳ್ಳೆಯದಕ್ಕೇ ಮಾಡಿದ್ದು.

ಪಟ ಬಂದಾಗಲೇ ಕಿನುವಿನ ಗಂಡ ಕಿಸಬುರೊ ಆ ಕುದುರೆಯನ್ನು ಗಮನಿಸಿದ್ದ. ಕೊನೆಗೂ ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಿರಲಿಲ್ಲ.

*

ಐವತ್ಮೂರು ವರ್ಷದ ಹಿಂದೆ, ಗಂಡನಿಗಿಂತ ನಾಲ್ಕು ಬೆರಳು ಎತ್ತರದ ಮದುವಣಗಿತ್ತಿಯನ್ನು ನೆರೆಯ ಹೆಂಗಸರು ಅಂಗಳಕ್ಕೆ ಕರೆದು ಕುದುರೆ ತೋರಿಸಿದ್ದರು. ಅವಳು ಬಹಳ ಹೊತ್ತು ನೋಡಿ, ವಿನಯದಿಂದಲೇ, “ನಾಯಿ ಲಕ್ಷಣವಾಗಿದೆ,” ಎಂದಳು. ಅತ್ತೆ ಮೂರು ದಿನ ಮಾತಾಡಲಿಲ್ಲ.

ಆಮೇಲೆ ಪ್ರತಿ ವಸಂತದಲ್ಲೂ ಅದೇ ಆಟ. ಕುದುರೆ ಬಂತು ಎಂದು ಕಿಸಬುರೊ ಅಂಗಳದಿಂದ ಕೂಗುತ್ತಿದ್ದ. ಒಂದು ತುತ್ತು ಅನ್ನ ಹಾಕಿ ಕಳಿಸಿ ಎಂದು ಅವಳು ಅಡುಗೆಮನೆಯಿಂದ ಹೇಳುತ್ತಿದ್ದಳು. ನಿಮ್ಮೂರ ಅಜ್ಜಿ ಒಣಗಿದ ಮೂಲಂಗಿಯ ಹಾಗಿದ್ದಾಳೆ ಎಂದು ಇವನು. ಊಟದ ಜೊತೆಗೆ ಉಪ್ಪಿನಕಾಯಿಯಿದ್ದಂತೆ ಆ ಮನೆಯಲ್ಲಿ ಈ ಜಗಳವಿತ್ತು.

ಹೊಸ ವರ್ಷಕ್ಕೆ, ಬೇಸಗೆಯ ಪಿತೃಹಬ್ಬಕ್ಕೆ ಅವಳು ತವರಿಗೆ ಹೋಗುತ್ತಿದ್ದಳು. ಅಜ್ಜಿ ಕಾಣುವ ಹತ್ತು ದಿನಗಳಲ್ಲಿ ಮಾತ್ರ ಒಮ್ಮೆಯೂ ಹೋಗಲಿಲ್ಲ. ಸಸಿಮಡಿ ಬಿಟ್ಟು ಯಾರು ಹೋಗುತ್ತಾರೆ?

*

ಕಳೆದ ವಾರ ಆಸ್ಪತ್ರೆಯಲ್ಲಿ ಅವಳು ಅವನ ತೋಳು ಹಿಡಿದು ಹತ್ತಿರ ಎಳೆದುಕೊಂಡಿದ್ದಳು.

“ಒಂದ್ಸಲ ಹೇಳ್ಬಿಡ್ರೀ, ಮುಖ ಇರೋದು ನಮ್ ಕಡೆಗೆ ಅಂತ. ಇಲ್ಲಿ ಯಾರೂ ಕೇಳಿಸ್ಕೊಳಲ್ಲ.”

“ಸುಳ್ಳು ಹೇಳ್ಸಕ್ಕೆ ಇಷ್ಟು ದೂರ ಕರೆಸ್ಕೊಂಡ್ಯಾ?”

ಅವಳು ಕೆಮ್ಮು ಬರುವಷ್ಟು ನಕ್ಕಳು. ಹಾಗಾದರೆ ಹೋಗಿ ನೋಡಿಕೊಂಡು ಬಂದು ಹೇಳಿ ಎಂದಳು. ನಾಳೆ ನೋಡೋಣ ಎಂದು ಇವನು ಟೋಪಿ ಹಾಕಿಕೊಂಡು ಬಸ್ಸಿಗೆ ಹೊರಟ. ಮರುದಿನ ಬೆಳಿಗ್ಗೆ ಮಡಿಗೆ ನೀರು ಬಿಡುತ್ತಿದ್ದಾಗ ಫುಮಿ ಬರಿಗಾಲಲ್ಲಿ ಬದುವಿನ ಮೇಲೆ ಓಡಿ ಬಂದಳು.

*

ಪೆಟ್ಟಿಗೆ ಮುಚ್ಚುವ ಮುನ್ನ ಎಲ್ಲರೂ ಕಿನುವಿನ ಸುತ್ತ ಹೂವಿಟ್ಟರು. ಮನೆಯ ಯಜಮಾನ ಬಂದವರಿಗೆ ವಂದನೆಯ ಮಾತು ಹೇಳಬೇಕು. ಫುಮಿ ಬರೆದುಕೊಟ್ಟ ಕಾಗದವನ್ನು ಕಿಸಬುರೊ ಬಿಚ್ಚಿದ, ಮತ್ತೆ ಮಡಚಿದ.

“ಗಾಡಿ ಸುರಂಗದಲ್ಲಿ ಬೇಡ. ಹಳೇ ಘಾಟಿ ಮೇಲೆ ಹೋಗ್ಲಿ,” ಎಂದ.

ಸ್ಮಶಾನ ಇರುವುದು ಬೆಟ್ಟದಾಚೆಯ ಪಟ್ಟಣದಲ್ಲಿ. ಸುರಂಗದಲ್ಲಿ ಹೋದರೆ ಇಪ್ಪತ್ತು ನಿಮಿಷ, ಬೆಟ್ಟದ ಯಾವ ಮಗ್ಗುಲೂ ಕಾಣುವುದಿಲ್ಲ. ತಾಕಿನೊ ಕಡೆಯ ಮಗ್ಗುಲು ಕಾಣುವ ಘಾಟಿಯ ರಸ್ತೆಯನ್ನು ಹಿಮ ಸರಿಸಿ ತೆರೆದದ್ದು ಮೊನ್ನೆ. ಒಂದು ಗಂಟೆಗೆ ದಹನ ನಿಗದಿಯಾಗಿದೆ, ತಪ್ಪಿದರೆ ನಾಳೆಗೆ ಹೋಗುತ್ತದೆ ಎಂದು ಊರ ಹಿರಿಯ ಮಾಗೊಜಿ ಕೈಗಡಿಯಾರ ತೋರಿಸಿದ. ಅವನ ಮನಸ್ಸಿನಲ್ಲಿದ್ದ ಮಾತು ಆಮೇಲೆ ಹೊರಬಂತು.

“ನಮ್ಮೂರ ಸೊಸೆ ಕಣಯ್ಯಾ. ಇಷ್ಟು ವರ್ಷ ಆದ್ಮೇಲೆ ತಾಕಿನೊದವ್ರಿಗೆ ಸೋತು ಒಪ್ಪಿಸ್ದಂಗಾಗುತ್ತೆ.”

“ಆ ಅಜ್ಜೀನ ನಾನು ನೋಡೇ ಇಲ್ಲ ಮಾಗೊಜಿ,” ಎಂದ ಕಿಸಬುರೊ. “ನೋಡ್ದೇನೇ ಐವತ್ಮೂರು ವರ್ಷ ಮೂಲಂಗಿ ಅಂದೆ. ನೀನು ನೋಡಿದೀಯಾ?”

ಸಸಿಮಡಿಯ ಸಮಯದಲ್ಲಿ ಊರು ಬಿಟ್ಟ ಹೊರಿಸಾವದವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ.

ಈಗಲೇ ಹೊರಟರೆ ಆಗುತ್ತದೆ ಎಂದು ಚಾಲಕ ಮೆಲ್ಲಗೆ ಹೇಳಿದ. ಹಾಗಾದರೆ ಚಹಾ ಬೇಡ ಎಂದು ಮಾಗೊಜಿ ಎದ್ದು, ಪೆಟ್ಟಿಗೆಯ ತಲೆಯ ಕಡೆಗೆ ತಾನೇ ಹೆಗಲು ಕೊಟ್ಟ. ಗಾಡಿ ವಿದಾಯದ ಹಾರನ್ ಉದ್ದಕ್ಕೆ ಊದಿ ಹೊರಟಿತು.

ಘಾಟಿಯ ನೆತ್ತಿ ದಾಟಿದ ತಿರುವಿನಲ್ಲಿ ಗಾಡಿ ನಿಂತಿತು. ರಸ್ತೆಯ ಬದಿಗೆ ಯಂತ್ರ ಕೊರೆದು ಬಿಟ್ಟ ಹಿಮದ ಗೋಡೆ ಕಿಸಬುರೊನ ಮೂಗಿನವರೆಗೆ ಬರುತ್ತಿತ್ತು. ಅವನು ತುದಿಗಾಲಲ್ಲಿ ನಿಂತ. ತೋಕುಜಿ ಬೆರಳು ಚಾಚಿ ತೋರಿಸಿದ: ಅಗೋ ತಲೆವಸ್ತ್ರ, ಅಗೋ ಚೀಲ, ಅಗೋ ಬಾಗಿದ ಸೊಂಟ. ಕಿಸಬುರೊ ನೋಡಿದ. ತೋಕುಜಿ ಬೆರಳು ಇಳಿಸಿದ ಮೇಲೂ ನೋಡುತ್ತಲೇ ಇದ್ದ.

“ಅಜ್ಜಿನೇ ಕಣೇ,” ಎಂದ ಕೊನೆಗೆ, ಕೈಯಲ್ಲಿದ್ದ ಪಟಕ್ಕೆ. “ಮುಖ ಈ ಕಡೆಗೇ ಇದೆ.”

ಗಾಡಿಯ ಹತ್ತಿರ ನಿಂತಿದ್ದ ಫುಮಿ ಅತ್ತಳು. ತೋಕುಜಿ ಅಂಗಿಯ ತೋಳಿನಿಂದ ಪಟದ ಗಾಜು ಒರೆಸಿ, ಅಕ್ಕನ ಹೆಗಲ ಹಿಂದಿನ ಬಿಳಿ ಗುರುತನ್ನು ಹತ್ತಿರದಿಂದ ದಿಟ್ಟಿಸಿದ.

“ಕಾಲು ಉದ್ದ ಇದೆ,” ಎಂದ. “ಕುದುರೆನೂ ಇರ್ಬೋದು, ಭಾವ.”

ಕಿಸಬುರೊ ಪಟವನ್ನು ತಿರುಗಿಸಿ, ಅವಳ ಮುಖ ಬೆಟ್ಟಕ್ಕಾಗುವಂತೆ, ಎರಡೂ ಕೈಯಿಂದ ಹಿಮದ ಗೋಡೆಗಿಂತ ಮೇಲೆ ಎತ್ತಿ ಹಿಡಿದ. ಹೊತ್ತಾಯಿತೆಂದು ಚಾಲಕ ಒಮ್ಮೆ ಹೇಳಿದ, ಮತ್ತೆ ಹೇಳಲಿಲ್ಲ. ಮುದುಕನ ತೋಳುಗಳು ನಡುಗತೊಡಗಿದವು. ತೋಕುಜಿ ಬಂದು ಚೌಕಟ್ಟಿನ ಒಂದು ಮಗ್ಗುಲು ಹಿಡಿದುಕೊಂಡ.