ದೊಡ್ಡಮ್ಮನವರ ಹೆಸರು

"ನಿಮ್ಮ ತಾಯಿಯವರ ಹೆಸರೇ ಇಡ್ತಿದೀವಿ ಸಾರ್. ಅವರ ಗುಣದಲ್ಲಿ ಒಂದು ಚೂರು ಬಂದ್ರೂ ಸಾಕು ಸಾರ್."

ಗಂಡ ಕನ್ನಡಿಯ ಮುಂದೆ ನಿಂತು ಇದನ್ನೇ ಮತ್ತೆ ಮತ್ತೆ ಹೇಳುತ್ತಿದ್ದ. ಒಮ್ಮೆ ಕೈಕಟ್ಟಿಕೊಂಡು, ಒಮ್ಮೆ ಕೈ ಇಳಿಬಿಟ್ಟು. 'ಚೂರು' ಅನ್ನುವಾಗ ಎರಡು ಬೆರಳು ಸೇರಿಸಿ ತೋರಿಸುತ್ತಿದ್ದ, ಉಪ್ಪು ಎಷ್ಟು ಹಾಕಬೇಕೆಂದು ಹೇಳಿಕೊಡುವವರ ಹಾಗೆ. ಕೊನೆಗೊಂದು ನಗೆ. ಆ ನಗೆಯನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಮನೆಯಲ್ಲಿ ನಗುವಾಗ ಅವನ ಹಲ್ಲು ಕಾಣುವುದೇ ಅಪರೂಪ. ಕಾರ್ಖಾನೆಯ ಯಜಮಾನರ ಮುಂದಿನ ನಗೆಗೆ ಮಾತ್ರ ಮೇಲಿನ ಸಾಲು, ಕೆಳಗಿನ ಸಾಲು ಎರಡೂ ವಸಡಿನ ಸಮೇತ ಹೊರಗೆ ಬರುತ್ತಿದ್ದವು. ಹಾಸಿಗೆಯ ಮೇಲೆ ಕೂತು ಮಗುವಿಗೆ ಹಾಲು ಕುಡಿಸುತ್ತಿದ್ದವಳು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಥೂ, ಒಬ್ಬನೇ ಇರುವಾಗಲೂ ಹೀಗೆ ಹಲ್ಲು ಗಿಂಜುವುದೆಂದರೆ!

"ಹೆಂಗಿದೆ?" ಅಂದ.

"ಹಲ್ಲು ಒಂಚೂರು ಕಮ್ಮಿ ಮಾಡಿ."

"ನಿಂಗೆ ಎಲ್ಲಾದಕ್ಕೂ ತಮಾಷೆ. ಬೇಗ ರೆಡಿಯಾಗು, ಯಜಮಾನ್ರು ಹೊರಗೆ ಹೋಗ್ಬಿಟ್ರೆ ಕಷ್ಟ."

ಮಗು ಹುಟ್ಟಿ ತಿಂಗಳ ಮೇಲಾಗಿತ್ತು. ದೊಡ್ಡವಳು ಹುಟ್ಟಿದಾಗ ಹೆಸರಿಗಾಗಿ ಈ ಮನೆಯಲ್ಲಿ ನಡೆದ ಜಗಳ ಬೀದಿಗೆಲ್ಲ ಕೇಳಿಸಿತ್ತು. ಅತ್ತೆ ಒಂದು ಹೇಳಿದರೆ ನಾದಿನಿ ಇನ್ನೊಂದು. ಗಂಡನಂತೂ ಅಂಗಡಿ ಅಂಗಡಿ ಅಲೆದು ಹೆಸರುಗಳ ಪುಸ್ತಕವನ್ನೇ ಕೊಂಡು ತಂದಿದ್ದ. ಎರಡನೆಯದೂ ಹೆಣ್ಣು ಎಂದಾದ ಮೇಲೆ ಎಲ್ಲರ ಬಾಯಿಗೂ ಬೀಗ ಬಿತ್ತು. ಇವಳೇ ನಾಚಿಕೆ ಬಿಟ್ಟು ಕೇಳಿದರೆ, "ನಿಧಾನಕ್ಕೆ ನೋಡೋಣ ಬಿಡು, ಹೆಸರೇನು ಓಡಿಹೋಗುತ್ತಾ?" ಎಂಬ ಉತ್ತರ. ಅತ್ತೆಯ ಬಾಯಲ್ಲಿ ಮಗು ಬರೀ 'ಎರಡನೇದು'. "ಎರಡನೇದು ಅಳ್ತಾ ಇದೆ ನೋಡು." "ಎರಡನೇದು ಒದ್ದೆ ಮಾಡ್ಕೊಂಡಿದೆ." ನಾಲ್ಕು ವರ್ಷದ ದೊಡ್ಡವಳು ಮಾತ್ರ, "ಪಾಪುಗೆ ಹೆಸರು ಯಾವಾಗ ಬರುತ್ತಮ್ಮಾ?" ಎಂದು ದಿನಾ ಕೇಳುತ್ತಿದ್ದಳು, ಹಲ್ಲು ಯಾವಾಗ ಬರುತ್ತದೆ ಎಂದು ಕೇಳುವ ಹಾಗೆ.

ಹೆಸರೇನೋ ಬಂದಿತ್ತು. ಎರಡೇ ಅಕ್ಷರದ್ದು, ಹಗುರವಾದದ್ದು. ಅವಳು ಅದನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಮಗುವಿಗೆ ನೀರು ಹಾಕುವಾಗ ತುಟಿ ಅಲ್ಲಾಡಿಸದೆ ಕರೆದೂ ನೋಡಿದ್ದಳು. ಗಂಡನ ಕಡೆ, ತನ್ನ ಕಡೆ, ಬೀದಿಯಲ್ಲಿ, ಎಲ್ಲೂ ಆ ಹೆಸರಿನವರಿರಲಿಲ್ಲ. ಅವಳಿಗೆ ಬೇಕಾದದ್ದೂ ಅದೇ. ಅವಳು ಹುಟ್ಟಿದಾಗ ಅವಳಿಗೆ ಇಟ್ಟಿದ್ದು ಅಜ್ಜಿಯ, ಅಪ್ಪನ ತಾಯಿಯ ಹೆಸರು. ತನ್ನ ಆ ಅತ್ತೆಯ ಮೇಲಿನ ಸಿಟ್ಟನ್ನೆಲ್ಲ ಅಮ್ಮ ಆ ಹೆಸರು ಹಿಡಿದು ಕೂಗಿಯೇ ತೀರಿಸಿಕೊಂಡಿದ್ದಳು. "ಎಷ್ಟು ತಿಂತೀಯೇ," "ಮೂಲೇಲಿ ಬಿದ್ದಿರೇ," ಎಂದು ಬೈಯುವಾಗ ಅಮ್ಮನ ಮುಖದಲ್ಲಿ ಎಂಥಾ ಸುಖ! ಆ ಬೈಗುಳದಲ್ಲಿ ತನ್ನ ಪಾಲೆಷ್ಟು, ಅಜ್ಜಿಯ ಪಾಲೆಷ್ಟು ಎಂದು ಅವಳಿಗೆ ಇಂದಿಗೂ ಗೊತ್ತಿಲ್ಲ. ಈ ಮಗು ಮೈಮೇಲೆ ಹಾಕಿಕೊಳ್ಳುವುದೆಲ್ಲ ಹೇಗೂ ಅಕ್ಕನ ಹಳೆಯದು. ಹೆಸರಾದರೂ ಹೊಸದಿರಲಿ ಎಂದುಕೊಂಡಿದ್ದಳು.

ಅಷ್ಟರಲ್ಲಿ ಸೂಪರ್‌ವೈಸರ್ ಕೆಲಸ ಬಿಡುವ ಸುದ್ದಿ ಬಂತು. ಗಂಡ ಹಾಸಿಗೆ ಕಾರ್ಖಾನೆಯಲ್ಲಿ ಹತ್ತಿ ತುಂಬುವವನು. ಸಂಜೆ ಮನೆಗೆ ಬಂದರೆ ಹುಬ್ಬು, ರೆಪ್ಪೆ, ಕಿವಿಯೊಳಗಿನ ಕೂದಲು ಎಲ್ಲ ಬೆಳ್ಳಗೆ. ಮೂಗು ಸೀನಿದರೆ ಅದರಲ್ಲೂ ಹತ್ತಿಯ ಎಳೆ. ಸೂಪರ್‌ವೈಸರ್ ಕೂರುವುದು ಗಾಜಿನ ಕೋಣೆಯಲ್ಲಿ. ಅಲ್ಲಿಗೆ ಧೂಳು ಹೋಗುವುದಿಲ್ಲ. ಆ ಸುದ್ದಿ ಕೇಳಿದ ಸಂಜೆಯೇ ಗಂಡನಿಗೆ ತನ್ನ ಎರಡನೆಯ ಮಗಳಿಗೆ ಇನ್ನೂ ಹೆಸರಿಟ್ಟಿಲ್ಲ ಎಂಬುದು ನೆನಪಾಯಿತು.

"ಯಜಮಾನರ ತಾಯಿ ಹೆಸರು ಇಟ್ಬಿಡೋಣ. ಹಳೇ ಕಾಲದ ಹೆಸರು, ಒಳ್ಳೇ ತೂಕವಾಗಿದೆ."

"ನಾನೊಂದು ಯೋಚ್ನೆ ಮಾಡಿದೀನಿ ರೀ."

"ಅದನ್ನ ಮನೇಲಿ ಕರ್ಕೋ, ಯಾರು ಬೇಡ ಅಂದ್ರು? ದೊಡ್ಡವಳಿಗೆ ನಮಗಿಷ್ಟ ಬಂದಿದ್ದು ಇಟ್ಟಾಯ್ತಲ್ಲ. ಇದಾದ್ರೂ ಉಪಯೋಗಕ್ಕೆ ಬರ್ಲಿ."

ಉಪಯೋಗಕ್ಕೆ! ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಆ ರಾತ್ರಿ ಪಕ್ಕದಲ್ಲಿ ಅವನು ಕೆಮ್ಮುವುದನ್ನು ಕೇಳುತ್ತ ಮಲಗಿದ್ದವಳು ಬೆಳಿಗ್ಗೆ "ಆಗ್ಲಿ ಬಿಡಿ" ಅಂದಿದ್ದಳು. ಇಂದು ಅವನು ಹಾಕಿಕೊಂಡಿರುವ ಅಂಗಿಗೆ ಇಸ್ತ್ರಿ ಮಾಡಿಕೊಟ್ಟವಳೂ ಅವಳೇ. ಅದನ್ನು ನೆನೆದರೆ ತನ್ನ ಮೇಲೂ ಅವಳಿಗೆ ಹೇಸಿಗೆಯಾಗುತ್ತಿತ್ತು.

ಅಂದು ಬುಧವಾರ, ಕಾರ್ಖಾನೆಗೆ ವಾರದ ರಜೆ. ದೊಡ್ಡವಳನ್ನು ಅತ್ತೆಯ ಹತ್ತಿರ ಬಿಟ್ಟು ಇಬ್ಬರೂ ಬಸ್ಸು ಹಿಡಿದು ಯಜಮಾನರ ಮನೆಗೆ ಹೋದರು. ಊರಿಗೆಲ್ಲ ಮೆತ್ತನೆಯ ಹಾಸಿಗೆ ಮಾಡಿಕೊಡುವವರ ಮನೆಯಲ್ಲಿ ಸೋಫಾಗಳಿಗೆ ಅಂಗಡಿಯ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿರಲಿಲ್ಲ. ಅವಳು ಕೂತರೆ ಪರಪರ ಅಂದಿತು. ಗಂಡ ಕೂರಲಿಲ್ಲ. ಯಜಮಾನರು ಎದುರಿನ ಮೇಜಿನ ಮೇಲೆ ಕಾಲು ಚಾಚಿ, ಕಾರಿನ ಕೀಲಿಯಿಂದ ಕಿವಿ ಕೆರೆದುಕೊಳ್ಳುತ್ತ, ಇನ್ನೊಂದು ಕೈಯಲ್ಲಿ ಫೋನು ನೋಡುತ್ತಿದ್ದರು. ಕೀಲಿಯ ತುದಿಗೆ ಅಂಟಿದ್ದನ್ನು ಆಗಾಗ ನೋಡಿ, ಸೋಫಾದ ಪ್ಲಾಸ್ಟಿಕ್ಕಿಗೆ ಒರೆಸುತ್ತಿದ್ದರು. ಕಿಟಕಿಯ ಹತ್ತಿರ ಅವರ ತಾಯಿ, ಕಾರ್ಖಾನೆಯವರೆಲ್ಲ 'ದೊಡ್ಡಮ್ಮ' ಎಂದು ಕರೆಯುವ ಮುದುಕಿ, ಚಹಾದಲ್ಲಿ ಬಿಸ್ಕತ್ತು ಅದ್ದಿಕೊಂಡು ಚೀಪುತ್ತಿದ್ದರು.

ಗಂಡ ಕೈಕಟ್ಟಿಕೊಂಡು ಕಲಿತ ಪಾಠ ಒಪ್ಪಿಸಿದ. ಚೂರು ಎಂದ ಕಡೆ ಬೆರಳು ಸೇರಿಸಿದ. ನಗೆಯೂ ಬಂತು.

ಯಜಮಾನರು ಫೋನಿನಿಂದ ತಲೆ ಎತ್ತಿದರು. "ಇದಕ್ಕೂನಾ?" ಅಂದವರೇ ಕಿಟಕಿಯ ಕಡೆ ತಿರುಗಿ, "ಅಮ್ಮಾ, ಇನ್ನೊಂದು ಬಂತು ನೋಡು!" ಎಂದು ಕೂಗಿದರು.

"ಯಾರ್ದು? ಡ್ರೈವರ್‌ದಾ?"

"ಡ್ರೈವರ್‌ದು ಹೋದ ವರ್ಷಾನೇ ಆಯ್ತಲ್ಲ. ಇದು ಹತ್ತಿ ತುಂಬೋನ್ದು."

"ಅಯ್ಯೋ ನಿನ್ನ! ಗೇಟು ಕಾಯೋನ ಮೊಮ್ಮಗಳು, ಲಾರಿಯವನ ಮಗಳು, ಈಗ ಇದು. ನಿನ್ನ ಕಾರ್ಖಾನೆ ಬಾಗ್ಲಲ್ಲಿ ನಿಂತು ನನ್ನ ಹೆಸರು ಕೂಗಿದ್ರೆ ಒಂದು ಹಿಂಡೇ ಓಡಿ ಬರುತ್ತೆ ಕಣೋ." ಮುದುಕಿ ಮೈ ಕುಲುಕಿಸಿಕೊಂಡು ನಕ್ಕರು. ನಕ್ಕ ರಭಸಕ್ಕೆ ಕೈಯಲ್ಲಿದ್ದ ಲೋಟ ವಾಲಿ, ನೆನೆದ ಬಿಸ್ಕತ್ತಿನ ಸಮೇತ ಚಹಾ ಅವರ ಪಾದದ ಮೇಲೆ ಚೆಲ್ಲಿತು.

ಗಂಡನ ಮುಖ ಹುಳ್ಳಗಾಗಿತ್ತು. ಆದರೂ ಎಲ್ಲರಿಗಿಂತ ಮೊದಲು ಓಡಿದವನು ಅವನೇ. ಓಡುವ ಮುಂಚೆ ಅವಳ ಹೆಗಲ ಮೇಲಿದ್ದ ಮಗುವಿನ ಬಟ್ಟೆಯನ್ನು ಸರ್ರನೆ ಎಳೆದುಕೊಂಡ. ಅವಳು ಹೆರಿಗೆಗೆಂದು ಆಸ್ಪತ್ರೆಗೆ ಹೋಗುವ ಮುಂಚೆ ಒಂದು ಹೊಸ ತುಂಡು ತಂದು, ಅಂಚು ಮಡಿಸಿ ಹೊಲಿದಿದ್ದ ಬಟ್ಟೆ ಅದು. ಆ ಮಗುವಿಗೆಂದೇ ಈ ಭೂಮಿಯ ಮೇಲೆ ಮಾಡಿದ ಒಂದೇ ಒಂದು ವಸ್ತು. ಅದರಿಂದ ಅವನು ಮಂಡಿಯೂರಿ ಕೂತು ಮುದುಕಿಯ ಪಾದ ಒರೆಸತೊಡಗಿದ. ಬೆರಳು ಬೆರಳನ್ನೂ ಬಿಡಿಸಿ, ಸಂದಿಯಲ್ಲಿ ಸಿಕ್ಕಿದ್ದ ಬಿಸ್ಕತ್ತಿನ ಲೋಳೆಯನ್ನು ತೆಗೆದ. ಆಮೇಲೆ ಅದೇ ಬಟ್ಟೆಯಲ್ಲಿ ನೆಲವನ್ನೂ ಒರೆಸಿದ. ಅವಳು ಎದ್ದು ನಿಂತಳು.

"ಏಳಯ್ಯಾ, ಏಳು," ಎಂದು ಮುದುಕಿ ಪಾದ ಹಿಂದಕ್ಕೆ ಎಳೆದುಕೊಂಡರು. "ಅಸಹ್ಯವಾಗುತ್ತೆ ನಂಗೆ."

ಅವಳ ಬಾಯಲ್ಲಿ ಇಷ್ಟು ದಿನ ಕೂತಿದ್ದ ಮಾತನ್ನು ಮುದುಕಿ ಹೇಳಿಬಿಟ್ಟಿದ್ದರು. ಗಂಡ ಎದ್ದ. ಒದ್ದೆ ಬಟ್ಟೆಯನ್ನು ಎಲ್ಲಿಡುವುದೆಂದು ತಿಳಿಯದೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ.

"ನಂಗೆ ಈ ಹೆಸರು ಯಾಕಿಟ್ರು ಗೊತ್ತೇನಮ್ಮಾ?" ಮುದುಕಿ ಈಗ ಅವಳ ಜತೆ ಮಾತಾಡುತ್ತಿದ್ದರು. "ನಮ್ಮಪ್ಪ ಒಬ್ಬ ಸಾಹುಕಾರನ ಮಳಿಗೇಲಿ ಮೂಟೆ ಹೊರೋನು. ಇದು ಆ ಸಾಹುಕಾರನ ಹೆಂಡ್ತಿ ಹೆಸರು. ಇಟ್ಟಿದ್ದಕ್ಕೆ ಅಪ್ಪನಿಗೆ ಏನು ಸಿಕ್ತು ಹೇಳು? ಒಂದು ಹಳೇ ಕೋಟು. ಅದರ ತೋಳು ಅವನಿಗೆ ಗಿಡ್ಡ. ಆ ಹೆಂಗಸು ನನ್ನ ನೋಡಿದಾಗೆಲ್ಲ ಮೂಗು ಮುಚ್ಕೊಳ್ಳೋಳು. ಈ ಹೆಸರು ಕಂಡ್ರೆ ನಂಗೇ ಆಗಲ್ಲ, ನೀವೆಲ್ಲ ಒಬ್ಬರ ಹಿಂದೊಬ್ಬರು ಹೊತ್ಕೊಂಡು ಬರ್ತೀರಿ."

"ಹಂಗಲ್ಲ ದೊಡ್ಡಮ್ಮಾ, ಭಕ್ತಿಯಿಂದ..." ಗಂಡ ಶುರು ಮಾಡಿದ.

"ನೀನು ಸುಮ್ನಿರು. ನೀನು ಹೇಳಮ್ಮಾ, ನೀನು ಏನಂತ ಕರೀತೀಯ ಇದನ್ನ?"

ಅವಳು ಹೇಳಿದಳು. ಮೊದಲ ಸಲ ಗಟ್ಟಿಯಾಗಿ.

"ಅದೂ... ಸುಮ್ನೆ ಮುದ್ದಿಗೆ ಕರೆಯೋದು ಸಾರ್," ಎಂದು ಗಂಡ ಯಜಮಾನರ ಕಡೆ ತಿರುಗಿ ನಕ್ಕ.

ಯಜಮಾನರಿಗೆ ಇದೆಲ್ಲ ಬೇಜಾರಾಗಿತ್ತು. "ಏನಾದ್ರೂ ಇಟ್ಕೊಳ್ರಯ್ಯಾ. ಆ ಗಾಜಿನ ರೂಮಿನ ವಿಷ್ಯಕ್ಕೆ ಬಂದಿದ್ರೆ ಈಗ್ಲೇ ಹೇಳ್ಬಿಡ್ತೀನಿ, ನನ್ನ ಭಾವಮೈದ ಬರ್ತಿದಾನೆ ಮುಂದಿನ ವಾರದಿಂದ. ಎಲ್ಲಾ ಅವನೇ ನೋಡ್ಕೋತಾನೆ." ಮತ್ತೆ ಕೀಲಿ ಕಿವಿಗೆ ಹೋಯಿತು.

ಹಿಂತಿರುಗುವಾಗ ಬಸ್ಸಿನಲ್ಲಿ ಗಂಡ ಕಿಟಕಿಯಿಂದ ಹೊರಗೆ ನೋಡುತ್ತ ಕೂತ. ಚಹಾದ ಬಟ್ಟೆ ಇನ್ನೂ ಅವನ ಮುಷ್ಟಿಯಲ್ಲೇ ಇತ್ತು. ಎಷ್ಟು ತಲೆ ಬಾಚಿದರೂ ಕಿವಿಯ ಹಿಂದೆ ಹತ್ತಿಯ ಒಂದು ಎಳೆ ಉಳಿದುಕೊಂಡಿದ್ದು ಅವಳ ಕಣ್ಣಿಗೆ ಬಿತ್ತು. ಪಾಪ ಅನ್ನಿಸಿತು. ಹೆಂಡತಿಯ ಎದುರಿಗೇ ಇಂಥ ಮರ್ಯಾದೆ ಯಾರಿಗೂ ಬೇಡ. ನಾಚಿಕೆಯಿಂದ ಒಳಗೊಳಗೇ ಸಾಯುತ್ತಿರಬೇಕು, ಇನ್ನು ಮನೆಗೆ ಹೋಗಿ ಈ ಮಾತು ಎತ್ತಬಾರದು ಎಂದುಕೊಂಡು ಆ ಎಳೆಯನ್ನು ತೆಗೆಯಲು ಕೈ ಎತ್ತಿದಳು.

"ಹೆಸರು ಇನ್ನೂ ಎಲ್ಲೂ ಬರೆಸಿಲ್ವಲ್ಲ?" ಅಂದ ಅವನು, ಹೊರಗೆ ನೋಡುತ್ತಲೇ.

"ಇಲ್ಲ."

"ಒಳ್ಳೇದೇ ಆಯ್ತು. ಇನ್ನೊಂದು ವಾರ ತಡೆಯೋಣ. ಆ ಭಾವಮೈದ ಬರ್ಲಿ. ಅವನ ಹೆಂಡ್ತಿ ಹೆಸರು ಏನು ಅಂತ ಡ್ರೈವರ್ ಹತ್ರ ವಿಚಾರಿಸ್ತೀನಿ. ಈ ಸಲ ನಾವೇ ಮೊದಲು ಇಟ್ಬಿಡ್ಬೇಕು."

ಎತ್ತಿದ ಕೈ ಅಲ್ಲೇ ನಿಂತಿತು. ಅವನ ಮುಖ ನೋಡಿದಳು. ಅವನ ತುಟಿಗಳು ಆಗಲೇ ಸದ್ದಿಲ್ಲದೆ ಅಲ್ಲಾಡುತ್ತಿದ್ದವು. ಹೊಸ ಪಾಠ ಶುರುವಾಗಿತ್ತು. ಥೂ ಎನ್ನಲೂ ಅವಳಿಗೆ ಮನಸ್ಸಾಗಲಿಲ್ಲ. ಇವನ ಪಕ್ಕದಲ್ಲಿ, ಇಷ್ಟು ಹತ್ತಿರ, ತೊಡೆಗೆ ತೊಡೆ ತಾಗಿಸಿಕೊಂಡು ಕೂರುವುದೇ ಸಾಕೋ ಸಾಕು ಅನ್ನಿಸಿತು. ಆಸ್ಪತ್ರೆಯ ಸ್ಟಾಪು ಬಂದಾಗ ಮಗುವನ್ನು ಎದೆಗೆ ಅವಚಿಕೊಂಡು ಎದ್ದಳು.

"ಎಲ್ಲಿಗೇ? ನಮ್ಮ ಸ್ಟಾಪ್ ಇನ್ನೂ ಮುಂದೆ!"

"ಗೊತ್ತು," ಎಂದು ಇಳಿದೇಬಿಟ್ಟಳು. ಅವನು ಎದ್ದು ಜನರ ನಡುವೆ ನುಗ್ಗುವಷ್ಟರಲ್ಲಿ ಬಸ್ಸು ಹೊರಟಿತು. ಅವನು ಕಿಟಕಿಯಿಂದ ಏನೋ ಕೂಗಿದ. ಮಗುವಿನ ಹೆಸರು ಕೂಗೋಣವೆಂದರೆ, ಅವಳು ಯಜಮಾನರ ಮನೆಯಲ್ಲಿ ಹೇಳಿದ್ದು ಅವನ ಕಿವಿಯಲ್ಲಿ ಉಳಿದಿರಲಿಲ್ಲ. ಅವಳ ಹೆಸರನ್ನೇ ಕೂಗಿದ.

ಮಗು ಹುಟ್ಟಿದ್ದು ಇದೇ ಆಸ್ಪತ್ರೆಯಲ್ಲಿ. ಹುಟ್ಟಿದ ಮಕ್ಕಳ ಹೆಸರು ಬರೆಸುವ ಕಿಟಕಿ ಔಷಧಿ ಅಂಗಡಿಯ ಪಕ್ಕದಲ್ಲಿತ್ತು. ಸಾಲು ಉದ್ದವಿರಲಿಲ್ಲ. ಒಳಗೆ ಕೂತಿದ್ದ ಗುಮಾಸ್ತ ತಲೆ ಎತ್ತದೆ ಹುಟ್ಟಿದ ದಿನ ಕೇಳಿದ, ತಾಯಿಯ ಹೆಸರು, ತಂದೆಯ ಹೆಸರು ಕೇಳಿದ. ಅವಳು ಹೇಳುತ್ತ ಹೋದಳು.

"ಮಗು ಹೆಸರು?"

ಹೇಳಿದಳು.

ಅವನು ಈಗ ತಲೆ ಎತ್ತಿ ನೋಡಿದ. "ಅಷ್ಟೇನಾ? ಇದನ್ನ ಎಲ್ಲೂ ಕೇಳಿಲ್ವಲ್ಲಮ್ಮಾ. ಯಾರ ಹೆಸರು ಇದು? ಅಜ್ಜೀದಾ?"

"ಅಲ್ಲ. ಇವಳ್ದು."

ಗುಮಾಸ್ತ ಕೀಲಿಮಣೆಯ ಮೇಲೆ ಬಗ್ಗಿ, ಒಂದೇ ಬೆರಳಿನಿಂದ, ಹುಡುಕಿ ಹುಡುಕಿ ಒತ್ತತೊಡಗಿದ. ಮಗುವಿನ ಬಾಯಿಯ ಮೂಲೆಯಲ್ಲಿ ಹಾಲು ಒಸರಿತ್ತು. ಒರೆಸಲು ಬಟ್ಟೆಗಾಗಿ ಹೆಗಲು ಮುಟ್ಟಿ ನೋಡಿ, ಇಲ್ಲವೆಂದು ತಿಳಿದು, ಅವಳು ಅದನ್ನು ತನ್ನ ಬರಿಗೈಯಿಂದಲೇ ಒರೆಸಿದಳು.